45 ಲಕ್ಷದ ಗೆರೆ

ಬೆಂಗಳೂರಿನಲ್ಲಿ ಇನ್ನೂ ಕಟ್ಟುತ್ತಿರುವ ಒಂದೇ ಅಪಾರ್ಟ್‌ಮೆಂಟಿನ ಎರಡು ಫ್ಲಾಟುಗಳನ್ನು ತೆಗೆದುಕೊಳ್ಳೋಣ. ಅಳತೆ ಒಂದೇ, ಮಹಡಿ ಮಾತ್ರ ಬೇರೆ. ಒಂದರ ಬೆಲೆ 45 ಲಕ್ಷ, ಇನ್ನೊಂದರದು 46 ಲಕ್ಷ. ಮೊದಲನೆಯದಕ್ಕೆ ಜಿಎಸ್‌ಟಿ ಶೇ 1, ಅಂದರೆ 45 ಸಾವಿರ ರೂಪಾಯಿ. ಮುದ್ರಾಂಕ ಶುಲ್ಕ ಶೇ 3ರಂತೆ 1.35 ಲಕ್ಷ, ನೋಂದಣಿ ಶುಲ್ಕ ಶೇ 2ರಂತೆ 90 ಸಾವಿರ. ಸೆಸ್, ಸರ್ಚಾರ್ಜ್ ಬಿಟ್ಟು ಒಟ್ಟು 2.70 ಲಕ್ಷ. ಎರಡನೆಯದಕ್ಕೆ ಜಿಎಸ್‌ಟಿ ಶೇ 5, ಮುದ್ರಾಂಕವೂ ಶೇ 5. ಎರಡೂ ತಲಾ 2.30 ಲಕ್ಷ. ನೋಂದಣಿಯ 92 ಸಾವಿರ ಸೇರಿಸಿದರೆ 5.52 ಲಕ್ಷ. ಬೆಲೆ ಏರಿದ್ದು ಒಂದು ಲಕ್ಷ, ಸರ್ಕಾರಕ್ಕೆ ಹೆಚ್ಚಿಗೆ ಕಟ್ಟಬೇಕಾದದ್ದು 2.82 ಲಕ್ಷ.

ಮನೆ ಕೊಳ್ಳುವವರಿಗೆ ಕೇಂದ್ರವೂ ರಾಜ್ಯವೂ ಕೊಡುವ ರಿಯಾಯಿತಿಗಳ ದೋಷ ಏನೆಂದು ಕೇಳಿದರೆ ಈ ಲೆಕ್ಕವನ್ನೇ ಮುಂದಿಡಬಹುದು. ಆದಾಯ ತೆರಿಗೆಯಲ್ಲಿ ಮಿತಿ ದಾಟಿದ ಹಣಕ್ಕಷ್ಟೇ ಮುಂದಿನ ದರ ಬೀಳುತ್ತದೆ. ಇಲ್ಲಿ ಗೆರೆ ದಾಟಿದರೆ ಇಡೀ ಮೊತ್ತಕ್ಕೇ ಹೊಸ ದರ. ಹಾಗಾಗಿ 46 ಲಕ್ಷದ ಫ್ಲಾಟನ್ನು ಕಾಗದದ ಮೇಲೆ 45ಕ್ಕೆ ಇಳಿಸಿ, ಉಳಿದದ್ದನ್ನು ನಗದಾಗಿ ಕೊಡಿ ಎಂಬ ಮಾತು ಬಂದರೆ ಅಚ್ಚರಿಯೇನಿಲ್ಲ. ಕಪ್ಪು ಹಣ ತಡೆಯಬೇಕೆನ್ನುವ ಸರ್ಕಾರವೇ ಅದಕ್ಕೆ ಎಡೆ ಮಾಡಿಕೊಟ್ಟಂತಾಯಿತು.

ಜಿಎಸ್‌ಟಿಯ ಈ ಗೆರೆ ಎಳೆದದ್ದು 2019ರ ಏಪ್ರಿಲ್‌ನಲ್ಲಿ. ಬೆಲೆಯ ಮಿತಿಯ ಜೊತೆ ಅಳತೆಯದೂ ಇದೆ. ಬೆಂಗಳೂರಿನಂಥ ಮಹಾನಗರದಲ್ಲಿ ಕಾರ್ಪೆಟ್ ಏರಿಯಾ 60 ಚದರ ಮೀಟರ್ ಮೀರುವಂತಿಲ್ಲ. ಅಂದರೆ ಸುಮಾರು 645 ಚದರ ಅಡಿ. ಎರಡು ಕೋಣೆ, ಅಡುಗೆಮನೆ ಕಷ್ಟಪಟ್ಟು ಹಿಡಿಸುವಷ್ಟು ಜಾಗ. ಮೈಸೂರಿನಲ್ಲಾದರೆ 90 ಚದರ ಮೀಟರ್. ಪಾರ್ಕಿಂಗ್‌ಗೆ, ಮೂಲೆಯ ಫ್ಲಾಟಿಗೆ ಬಿಲ್ಡರ್ ಪಡೆಯುವ ಹಣವೂ ಈ 45 ಲಕ್ಷದೊಳಗೇ ಬರಬೇಕು. ಜಾಹೀರಾತಿನಲ್ಲಿ 43 ಎಂದಿದ್ದದ್ದು ಬಿಲ್ಲಿನಲ್ಲಿ ಗೆರೆ ದಾಟುವುದು ಹೀಗೆ. ಶೇ 1 ಎಂಬುದೂ ಪೂರ್ತಿ ನಿಜವಲ್ಲ. ಬಿಲ್ಡರಿಗೆ ಹೂಡುವಳಿ ತೆರಿಗೆ ಜಮಾ ಸಿಗದ ಕಾರಣ ಸಿಮೆಂಟು, ಕಬ್ಬಿಣಕ್ಕೆ ಆತ ಕಟ್ಟಿದ ತೆರಿಗೆ ಫ್ಲಾಟಿನ ಬೆಲೆಯೊಳಗೇ ಸೇರಿರುತ್ತದೆ.

ರಾಜ್ಯದ ರಿಯಾಯಿತಿಗೆ ಇನ್ನೊಂದು ಮಿತಿ. ಶೇ 3ರ ಮುದ್ರಾಂಕ ದರ ಹೊಸ ಅಪಾರ್ಟ್‌ಮೆಂಟಿನ ಮೊದಲ ನೋಂದಣಿಗೆ ಮಾತ್ರ. ಅದೇ ಬೆಲೆಗೆ ಹತ್ತು ವರ್ಷದ ಹಳೆ ಫ್ಲಾಟನ್ನೋ ಸಣ್ಣ ಸೈಟನ್ನೋ ಕೊಂಡವರು ಶೇ 5 ತೆರಲೇಬೇಕು. ಅಗ್ಗಕ್ಕೆ ಸಿಗುವುದೆಂದೇ ಜನ ಹಳೆಯದನ್ನು ಹುಡುಕುತ್ತಾರೆ. ಅವರನ್ನು ಹೊರಗಿಟ್ಟ ಈ ಯೋಜನೆಯಿಂದ ಕೊಳ್ಳುವವರಿಗಿಂತ ಮಾರಾಟವಾಗದ ಹೊಸ ಫ್ಲಾಟುಗಳಿಗೆ ಹೆಚ್ಚು ನೆರವಾಗಿದೆ ಎಂದೇ ನನ್ನ ಅನಿಸಿಕೆ. ಇತ್ತ 2023ರ ಅಕ್ಟೋಬರ್‌ನಲ್ಲಿ ಮುದ್ರಾಂಕ ಶುಲ್ಕಕ್ಕೆ ಆಧಾರವಾಗುವ ಮಾರ್ಗಸೂಚಿ ದರ ಏರಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 1ರಿಂದ 2ಕ್ಕೆ ದುಪ್ಪಟ್ಟಾಯಿತು. 45 ಲಕ್ಷದ ಮಿತಿ ಮಾತ್ರ ಅಲ್ಲೇ ಇದೆ.

ಗೃಹಸಾಲದ ಬಡ್ಡಿಗೆ ಸಿಗುವ ತೆರಿಗೆ ವಿನಾಯಿತಿಯ ಕಥೆ ಇದಕ್ಕಿಂತ ವಿಚಿತ್ರ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ತಾವೇ ವಾಸಿಸುವ ಮನೆಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ. 2014ರ ಬಜೆಟ್ ನಿಗದಿ ಮಾಡಿದ ಈ ಮೊತ್ತ ಅಲ್ಲಿಂದೀಚೆಗೆ ಏರಿಲ್ಲ. ಶೇ 30ರ ಸ್ತರದಲ್ಲಿರುವವರಿಗೆ ಇದರಿಂದ ಸೆಸ್ ಸೇರಿ 62,400 ರೂಪಾಯಿ ಉಳಿತಾಯ. ಶೇ 20ರ ಸ್ತರದವರಿಗೆ 41,600. ಹೆಚ್ಚು ಗಳಿಸುವವರಿಗೆ ಹೆಚ್ಚು, ಕಡಿಮೆ ಗಳಿಸುವವರಿಗೆ ಕಡಿಮೆ!

ಇನ್ನು ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿಯೇ ಇಲ್ಲ. ಬಾಡಿಗೆಗೆ ಕೊಟ್ಟ ಮನೆಯ ಬಡ್ಡಿಯನ್ನಾದರೆ ಆ ಬಾಡಿಗೆಯ ಮಟ್ಟಿಗೆ ಕಳೆಯಬಹುದು. ಬಾಡಿಗೆ ಆದಾಯ, ಬಡ್ಡಿ ಅದರ ಖರ್ಚು ಎಂಬ ಸಮರ್ಥನೆ ಲೆಕ್ಕಪತ್ರದ ಶಾಸ್ತ್ರಕ್ಕೆ ಸರಿ. ಆದರೂ ಇರುವ ಒಂದೇ ಮನೆಗೆ ಇಎಂಐ ಕಟ್ಟುವವರಿಗೆ ಏನೂ ಇಲ್ಲ, ಎರಡನೇ ಮನೆ ಕೊಂಡು ಬಾಡಿಗೆಗೆ ಬಿಟ್ಟವರಿಗೆ ಅನುಕೂಲವಿದೆ. ತಲೆ ಮೇಲೊಂದು ಸೂರು ಎಂದು ಭಾಷಣ ಮಾಡುವವರು ಇದನ್ನು ಹೇಗೆ ವಿವರಿಸುತ್ತಾರೋ ಕೇಳಬೇಕು.

ಹಳೆಯ ಪದ್ಧತಿಯಲ್ಲೇ ಇದ್ದವರಿಗೂ ಒಂದು ಪೆಟ್ಟಿದೆ. ಮನೆ ಪೂರ್ತಿಯಾಗುವವರೆಗೆ ಬಡ್ಡಿಯ ವಿನಾಯಿತಿ ಕೇಳುವಂತಿಲ್ಲ. ಸಾಲ ಪಡೆದ ಹಣಕಾಸು ವರ್ಷ ಮುಗಿದು ಐದು ವರ್ಷದೊಳಗೆ ಕಟ್ಟಡ ಮುಗಿಯದಿದ್ದರೆ 2 ಲಕ್ಷದ ಮಿತಿ 30 ಸಾವಿರಕ್ಕೆ ಇಳಿಯುತ್ತದೆ. ತಡ ಮಾಡಿದ್ದು ಬಿಲ್ಡರ್, ದಂಡ ತೆತ್ತದ್ದು ಒಂದು ಕೈಯಲ್ಲಿ ಬಾಡಿಗೆ, ಇನ್ನೊಂದು ಕೈಯಲ್ಲಿ ಇಎಂಐ ಕಟ್ಟುತ್ತಿರುವ ಸಂಸಾರ.

ಇಷ್ಟೆಲ್ಲದರ ನಡುವೆ ಸರಿಯಾಗಿ ಯೋಚಿಸಿದ್ದೆಂದರೆ 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಹಾಯಧನ. ಪಕ್ಕಾ ಮನೆ ಇಲ್ಲದವರಿಗೇ ಅದು ಮೀಸಲಾಗಿತ್ತು. ಕಡಿಮೆ ಆದಾಯದವರಿಗೆ 2.67 ಲಕ್ಷದವರೆಗಿನ ನೆರವು ಸಾಲದ ಖಾತೆಗೇ ಒಂದೇ ಗಂಟಿನಲ್ಲಿ ಜಮೆಯಾಗಿ ಅಸಲು ಇಳಿಯುತ್ತಿತ್ತು. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರಿಗೂ ತಲುಪಿದ್ದು ಅದರ ದೊಡ್ಡ ಗುಣ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ನೆರವು 1.80 ಲಕ್ಷಕ್ಕೆ ಇಳಿದಿದೆ, ಅದೂ ಐದು ವಾರ್ಷಿಕ ಕಂತುಗಳಲ್ಲಿ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರುವಂತಿಲ್ಲ. ಶಿವಮೊಗ್ಗ, ಹಾವೇರಿಯಲ್ಲಿ ಈ ಮಿತಿಗೆ ಅರ್ಥವಿದೆ. ಬೆಂಗಳೂರಿಗೂ ಅದೇ ಅಳತೆಗೋಲು ಹಿಡಿದರೆ ಅಲ್ಲಿನವರಿಗೆ ಯೋಜನೆ ಇದ್ದೂ ಇಲ್ಲದಂತೆ.

ರಿಯಾಯಿತಿಗಿಂತ ನಿಯಮಗಳೇ ಮೇಲು ಎನ್ನಬೇಕು, ಕಾಗದದ ಮೇಲೆ ಮಾತ್ರ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ ಪ್ರಕಾರ ಲಿಖಿತ ಕರಾರು ನೋಂದಣಿಯಾಗದೆ ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಳ್ಳುವವರಿಂದ ಬಂದ ಹಣದ ಶೇ 70ನ್ನು ಆ ಯೋಜನೆಗೇ ಪ್ರತ್ಯೇಕ ಖಾತೆಯಲ್ಲಿಡಬೇಕು, ತಡವಾದರೆ ಬಡ್ಡಿ ಕೊಡಬೇಕು, ಕಟ್ಟಡದ ದೋಷಗಳಿಗೆ ಐದು ವರ್ಷ ಹೊಣೆ ಹೊರಬೇಕು. ಎಡವುವುದು ವಸೂಲಿಯಲ್ಲಿ. ರೇರಾ ಪ್ರಾಧಿಕಾರ ಆದೇಶಿಸಿದ ಹಣವನ್ನು ಬಿಲ್ಡರ್ ಕೊಡದಿದ್ದರೆ ಭೂಕಂದಾಯ ಬಾಕಿಯಂತೆ ವಸೂಲು ಮಾಡಲು ಕಡತ ಕಂದಾಯ ಇಲಾಖೆಗೆ ಹೋಗುತ್ತದೆ. ರೇರಾದಲ್ಲಿ ಗೆದ್ದವರು ಮುಂದೆ ತಹಶೀಲ್ದಾರ್ ಕಚೇರಿ ಅಲೆಯಬೇಕು. ಸ್ವಂತ ವಸೂಲಿ ವ್ಯವಸ್ಥೆ ಇಲ್ಲದ ನ್ಯಾಯಪೀಠದಿಂದ ಸಿಗುವುದು ಆದೇಶದ ಪ್ರತಿ ಮಾತ್ರ.

ಸರ್ಕಾರ ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. 45 ಲಕ್ಷ ಮೀರಿದ ಹಣಕ್ಕಷ್ಟೇ ಹೆಚ್ಚಿನ ದರ ಹಾಕಲಿ, ಹಳೆಯ ಫ್ಲಾಟಿಗೂ ಮುದ್ರಾಂಕದ ರಿಯಾಯಿತಿ ಕೊಡಲಿ, ರೇರಾಕ್ಕೆ ಸ್ವಂತ ವಸೂಲಿ ಅಧಿಕಾರಿಗಳನ್ನು ಕೊಡಲಿ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಲು ಹೊರಟವರು ರಿಯಾಯಿತಿಯನ್ನು ನೆಚ್ಚದೆ ಪಾರ್ಕಿಂಗ್ ಸೇರಿಸಿದ ಪೂರ್ತಿ ಬೆಲೆಯನ್ನು ಬರವಣಿಗೆಯಲ್ಲಿ ಪಡೆಯಲಿ, ಯೋಜನೆಯ ರೇರಾ ನೋಂದಣಿ ಸಂಖ್ಯೆಯನ್ನೂ ಆಸ್ತಿಯ ಡಿಜಿಟಲ್ ದಾಖಲೆಯಾದ ಇ-ಖಾತಾವನ್ನೂ ತಾವೇ ಪರಿಶೀಲಿಸಲಿ.