ಗುಂಯ್‌ಗುಡದ ಪೆಡಲ್‌ಬೋರ್ಡ್

ರಾಯದುರ್ಗದ ಮನೆಯಿರಲಿ, ಬೆಂಗಳೂರಿನ ವೇದಿಕೆಯಿರಲಿ, ಸಾಕೆಟ್ಟಿನಲ್ಲಿ ಬರುವುದು 230 ವೋಲ್ಟ್, 50 ಹರ್ಟ್ಸ್ ಕರೆಂಟೇ. ಗಿಟಾರ್ ಪೆಡಲ್‌ಗಳು ಕೇಳುವುದು ಸಾಮಾನ್ಯವಾಗಿ 9 ವೋಲ್ಟ್ ಡಿಸಿ. ನಡುವೆ ದುಡಿಯುವ ಪವರ್ ಸಪ್ಲೈ ಎಂಬ ಪುಟ್ಟ ಪೆಟ್ಟಿಗೆಗೆ ಚಪ್ಪಾಳೆ ಸಿಗುವುದು ಅಪರೂಪ.

ಒಂದೇ ಅಡಾಪ್ಟರಿನಿಂದ ಹತ್ತು ಪೆಡಲ್‌ಗೆ ಸರಪಳಿ ಎಳೆದರೆ ಗ್ರೌಂಡ್ ತಂತಿಗಳು ಸುತ್ತು ಕಟ್ಟಿಕೊಂಡು, ಅಂದರೆ ಗ್ರೌಂಡ್ ಲೂಪ್ ಹುಟ್ಟಿ, ಸ್ಪೀಕರ್ ಗುಂಯ್‌ಗುಡಬಹುದು. ಡಿಜಿಟಲ್ ಡಿಲೇಯ ಕೀರಲು ದನಿ ಓವರ್‌ಡ್ರೈವ್‌ಗೆ ನುಸುಳಿ ಇನ್ನಷ್ಟು ಬೆಳೆಯಬಹುದು. ಇವೆರಡನ್ನೂ ತಡೆಯುವ ಕೌಶಲ ಎಷ್ಟು ಸೊಗಸು! ವೂಡೂ ಲ್ಯಾಬ್‌ನ ಪೆಡಲ್ ಪವರ್ 2 ಪ್ಲಸ್ ಎಂಬ ಪವರ್ ಸಪ್ಲೈನಲ್ಲಿ ಎಂಟು ಔಟ್‌ಪುಟ್, ಒಂದರ ಗ್ರೌಂಡ್ ಇನ್ನೊಂದನ್ನು ಮುಟ್ಟುವುದಿಲ್ಲ. ಒಳಗಿನ ಬಳೆಯಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್ ತನ್ನ ಕಾಂತಕ್ಷೇತ್ರವನ್ನು ಹೊರಗೆ ಹೆಚ್ಚು ಚೆಲ್ಲುವುದಿಲ್ಲ.

ಬೋರ್ಡಿನಡಿಯಲ್ಲೂ ಅದೇ ಅಚ್ಚುಕಟ್ಟು: ಪವರ್ ತಂತಿ ಒಂದಂಚಿಗೆ, ಆಡಿಯೋ ತಂತಿ ಇನ್ನೊಂದಂಚಿಗೆ, ದಾಟಲೇಬೇಕಾದಲ್ಲಿ ಅಡ್ಡಲಾಗಿ.

ದೊಡ್ಡ ಬೋರ್ಡ್ ಕಟ್ಟುವವರು ಹೊಸ ಪೆಡಲ್‌ಗಿಂತ ಮೊದಲು ಈ ಪೆಟ್ಟಿಗೆಗೆ ಹಣ ಹಾಕಲಿ.