70 ಲಕ್ಷದ ಡುಬ್ಕಿ

2024ರ ಆಗಸ್ಟ್‌ನಲ್ಲಿ ಮುಂಬೈಯ ಹರಾಜಿನಲ್ಲಿ ಬೆಂಗಳೂರು ಬುಲ್ಸ್ 70 ಲಕ್ಷ ಕೊಟ್ಟು ಪ್ರದೀಪ್ ನರ್ವಾಲ್‌ರನ್ನು ಕೊಂಡಾಗ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ದೀಪಾವಳಿ. 2021ರಲ್ಲಿ ಯು.ಪಿ. ಯೋಧಾ 1.65 ಕೋಟಿ ಸುರಿದ ಆಟಗಾರ ಅರ್ಧಕ್ಕಿಂತ ಕಡಿಮೆಗೆ ಸಿಕ್ಕಿದ್ದಾರೆ, ಬಿಟ್ಟವನು ಮೂರ್ಖ ಅಂತ. ನನಗೆ ಅವತ್ತೇ ಅನ್ನಿಸಿತ್ತು, ನಾವು ಡಿಸ್ಕೌಂಟ್ ನೋಡ್ತಾ ಇದ್ದೇವೆ, ಆಟ ನೋಡ್ತಾ ಇಲ್ಲ.

ಪ್ರದೀಪ್ ದೊಡ್ಡ ಆಟಗಾರ ಅನ್ನೋದರಲ್ಲಿ ಎರಡು ಮಾತಿಲ್ಲ. ಪ್ರೊ ಕಬಡ್ಡಿಗೆ ಕಾಲಿಟ್ಟದ್ದು 2015ರಲ್ಲಿ, ಇದೇ ಬುಲ್ಸ್ ತಂಡದಿಂದ. ಆಮೇಲೆ ಪಟ್ನಾಕ್ಕೆ ಹೋಗಿ ಸಾಲಾಗಿ ಮೂರು ಕಪ್. 2017ರ ಐದನೇ ಸೀಸನ್ನಿನಲ್ಲಿ ರೈಡಿಂಗಿನಿಂದಲೇ 369 ಪಾಯಿಂಟು. ನಾಲ್ಕು ಜನ ಕ್ಯಾಚರ್‌ಗಳು ಕೈ ಹಿಡಿದು ಗೋಡೆ ಕಟ್ಟಿದರೆ ಸೊಂಟ ಬಗ್ಗಿಸಿ ಆ ಕೈಗಳ ಕೆಳಗಿಂದ ಮೀನಿನ ಹಾಗೆ ಜಾರಿ ಗೆರೆ ದಾಟುತ್ತಿದ್ದರು. ಅದೇ ಡುಬ್ಕಿ. ಅದನ್ನು ನೋಡಿ ನಮ್ಮ ಕಡೆಯ ಶಾಲೆ ಮಕ್ಕಳೂ ಗದ್ದೆಯಲ್ಲಿ ತಲೆ ತಗ್ಗಿಸಿ ಬಿದ್ದು ಮೊಣಕೈ ಕೆತ್ತಿಸಿಕೊಂಡದ್ದುಂಟು.

ಆದರೆ ಡುಬ್ಕಿಗೆ ಬೇಕಾದ್ದು ವೇಗ. ಬಗ್ಗಿದವನು ಅದೇ ಉಸಿರಿನಲ್ಲಿ ಚಿಮ್ಮಬೇಕು. ಅರ್ಧ ಕ್ಷಣ ತಡವಾದರೆ ಬಗ್ಗಿದ ಬೆನ್ನಿನ ಮೇಲೆ ಮೂರು ಜನ. ವರ್ಷಗಟ್ಟಲೆ ವಿಡಿಯೋ ನೋಡಿ ನೋಡಿ ಎದುರಾಳಿಗಳೂ ಕಲಿತಿದ್ದರು. ಹತ್ತನೇ ಸೀಸನ್ನಿನಲ್ಲಿ ಪ್ರದೀಪ್ ಇದ್ದ ಯು.ಪಿ. ತಂಡ 12ರಲ್ಲಿ 11ನೆಯದಾಗಿ ಮುಗಿಸಿತ್ತು. ಹರಾಜಿನ ದಿನ ಇದು ಎಲ್ಲರ ಕಣ್ಣ ಮುಂದೆಯೇ ಇತ್ತು. ಹಾಗಾಗಿ "ಆದ ಮೇಲೆ ಬುದ್ಧಿ ಹೇಳ್ತೀಯಾ" ಅನ್ನಬೇಡಿ ಮಾರಾಯ್ರೆ.

ಕ್ರಿಕೆಟಿನಲ್ಲಿ ಫಾರ್ಮ್ ಕಳೆದುಕೊಂಡ ಬ್ಯಾಟ್ಸ್‌ಮನ್ ಸೊನ್ನೆಗೆ ಔಟಾದರೆ ಮುಂದಿನವನು ಬರುತ್ತಾನೆ. ಕಬಡ್ಡಿಯಲ್ಲಿ ಹಾಗಲ್ಲ. ಮುಖ್ಯ ರೈಡರ್ ಸಿಕ್ಕಿಬಿದ್ದರೆ ಎದುರಾಳಿಗೆ ಒಂದು ಪಾಯಿಂಟು, ಅವರ ಕಡೆ ಹೊರಗೆ ಕೂತವನೊಬ್ಬ ಒಳಗೆ, ನಮ್ಮವನು ಹೊರಗೆ. ನಮ್ಮವರು ಯಾರನ್ನಾದರೂ ಔಟ್ ಮಾಡುವ ತನಕ ಆತ ಬರುವ ಹಾಗಿಲ್ಲ. ಅಂದರೆ ದುಬಾರಿ ರೈಡರ್‌ನ ಬೆಲೆಯಲ್ಲಿ ಅವನನ್ನು ಮತ್ತೆ ಒಳಗೆ ತರುವ ಕ್ಯಾಚರ್‌ಗಳ ಬೆಲೆಯೂ ಸೇರಿದೆ. ಇಳಿಯುತ್ತಿರುವ ರೈಡರ್ ಆದರೆ ಅದು ಇನ್ನೂ ಜಾಸ್ತಿ, ಯಾಕಂದರೆ ಆತ ಹೆಚ್ಚು ಹೊತ್ತು ಹೊರಗೇ ಇರುತ್ತಾನೆ. ಇಡೀ ತಂಡ ಕಟ್ಟಲು ಇದ್ದದ್ದು 5 ಕೋಟಿ. ಬುಲ್ಸ್ ಅದರಲ್ಲಿ 1.107 ಕೋಟಿಯನ್ನು ಅಜಿಂಕ್ಯ ಪವಾರ್‌ಗೆ ಕೊಟ್ಟು, ಮೇಲೆ ಈ 70 ಲಕ್ಷ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಣ ಇಬ್ಬರು ರೈಡರ್‌ಗಳಿಗೇ ಹೋಯಿತು.

ಈ ಲೆಕ್ಕ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಹೊಸತಲ್ಲ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಇದ್ದರೆ ಒಂದು ರಾತ್ರಿಗೆ ಅಂತ ದುಡ್ಡು ಕೊಟ್ಟು ಅತಿಥಿ ರೈಡರ್‌ನನ್ನು ತರಿಸುವುದುಂಟು. ಮೈಕಿನಲ್ಲಿ ಅವನ ಹೆಸರು ಹೇಳಿದರೆ ಸಾಕು, ಜನ ಚಪ್ಪಾಳೆ. ಆಮೇಲಿನ ಕತೆ ಅಂಕಣದ ಬದಿಯಲ್ಲಿ ಕೂತವರಿಗೆ ಗೊತ್ತು. ಊರಿನ ಹುಡುಗ ಎರಡು ಸಲ ಬರಿಗೈಯಲ್ಲಿ ಬಂದರೆ ಮೂರನೆಯದಕ್ಕೆ, ಪಾಯಿಂಟು ತರಲೇಬೇಕಾದ ಆ ರೈಡಿಗೆ, ಎಲ್ಲರೂ ಅತಿಥಿಯ ಮುಖ ನೋಡುತ್ತಾರೆ. ಆತ ಸಿಕ್ಕಿಬಿದ್ದ ಅಂತಿಟ್ಟುಕೊಳ್ಳಿ, ಉಳಿದ ಆರು ಜನರ ಕಾಲೇ ಸೋತು ಹೋಗುತ್ತದೆ. ಆ ಆರು ಜನರೇ ಹಿಂದಿನ ವಾರ ಅತಿಥಿ ಇಲ್ಲದೆ ಸೆಮಿಫೈನಲ್ ಆಡಿದವರು! ಅನುಭವಸ್ಥ ಟೀಮಿನವರು ಹಾಗಾಗಿ ರೈಡರ್‌ಗಿಂತ ಮೊದಲು ಒಳ್ಳೆ ಕಾರ್ನರ್ ಕ್ಯಾಚರ್‌ನನ್ನು ಹುಡುಕುತ್ತಾರೆ. ಅವನಿಗೆ ಚಪ್ಪಾಳೆ ಕಡಿಮೆ, ದುಡ್ಡೂ ಕಡಿಮೆ.

ಕಂಬಳದ ಕೋಣ ಕೊಳ್ಳುವವರೂ ಹಾಗೆಯೇ. ಹೋದ ವರ್ಷ ಮೂಡುಬಿದಿರೆಯಲ್ಲಿ, ವೇಣೂರಿನಲ್ಲಿ ಮೆಡಲ್ ಬಂತು ಅನ್ನುವುದು ಒಂದು ವಿಷಯ. ತನ್ನ ಹಟ್ಟಿಯ ಕೋಣಕ್ಕೆ ಇದು ಜೋಡಿಯಾಗ್ತದಾ ಅನ್ನುವುದು ಬೇರೆಯೇ ವಿಷಯ.

ಇನ್ನೊಂದು ವಾದ ಉಂಟು. 2018ರಲ್ಲಿ ಪವನ್ ಸೆಹ್ರಾವತ್ ಬುಲ್ಸ್‌ಗೆ ಮರಳಿದಾಗ ಅವರೇನು ಸ್ಟಾರ್ ಆಗಿರಲಿಲ್ಲ, ಆದರೂ ಆ ಸೀಸನ್ನಿನ ಫೈನಲಿನಲ್ಲಿ ಗುಜರಾತ್ ಮೇಲೆ 22 ಪಾಯಿಂಟು ತಂದು ಕಪ್ ಕೊಡಿಸಲಿಲ್ಲವಾ ಅಂತ. ಕೊಡಿಸಿದರು. ಆದರೆ ಏರುತ್ತಿರುವ ಹುಡುಗನ ಮೇಲೆ ಹಣ ಕಟ್ಟುವುದೂ ಇಳಿಯುತ್ತಿರುವ ಹೆಸರಿನ ಮೇಲೆ ಕಟ್ಟುವುದೂ ಒಂದೇ ಹೇಗಾಗುತ್ತದೆ? ನಮ್ಮ ಐಟಿ ಕಂಪನಿಗಳಲ್ಲೂ ರೆಸ್ಯೂಮೆಯ ಮೊದಲ ಸಾಲು ಓದಿ ಆಫರ್ ಲೆಟರ್ ಟೈಪ್ ಮಾಡುವ ಮ್ಯಾನೇಜರ್‌ಗಳಿದ್ದಾರೆ. ಇರಲಿ, ಆ ವಿಷಯ ಬೇಡ.

ಪ್ರದೀಪ್ ಸಿಗುವುದಾದರೆ ಕೊಳ್ಳಲೇಬಾರದಿತ್ತು ಅಂತ ನಾನು ಹೇಳುತ್ತಿಲ್ಲ. ಎರಡನೇ ಅಥವಾ ಮೂರನೇ ರೈಡರ್ ಆಗಿ, ಕಡಿಮೆ ದುಡ್ಡಿಗೆ, ಎದುರಾಳಿ ಸುಸ್ತಾದ ಕೊನೆಯ ಹತ್ತು ನಿಮಿಷಕ್ಕೆ ಇಳಿಸುವ ಹಾಗಿದ್ದರೆ ನಾನೂ ಕೈ ಎತ್ತುತ್ತಿದ್ದೆ. ಬುಲ್ಸ್ ಮಾಡಿದ್ದು ಅವರನ್ನೇ ನಾಯಕನನ್ನಾಗಿಸಿ ಇಡೀ ಭಾರ ಹೊರಿಸಿದ್ದು. ಅತ್ತ ಭರತ್ ಹೂಡಾ ಕೈಬಿಟ್ಟು ಹೋಗಿ 1.30 ಕೋಟಿಗೆ ಯು.ಪಿ. ಸೇರಿದ್ದರು. ಪ್ರದೀಪ್‌ರನ್ನು ಬಿಟ್ಟುಕೊಟ್ಟ ಆ ತಂಡ, ಭರತ್ ಮತ್ತು ಕರ್ನಾಟಕದ ಹುಡುಗ ಗಗನ್ ಗೌಡರನ್ನು ಇಟ್ಟುಕೊಂಡು ಸೆಮಿಫೈನಲಿಗೆ ಬಂತು. ನಮ್ಮ ಹುಡುಗ ಅಲ್ಲಿ ಮಿಂಚುತ್ತಿದ್ದಾಗ ಬುಲ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು 2. ಕೊನೆಯ ಸ್ಥಾನ.

ಮುಂದಿನ ಹರಾಜಿನಲ್ಲಿ ಪ್ರದೀಪ್‌ರನ್ನು ಯಾರೂ ಕೊಳ್ಳಲಿಲ್ಲ. 2025ರ ಜೂನ್‌ನಲ್ಲಿ ನಿವೃತ್ತಿ ಹೇಳಿದರು. ಅಷ್ಟು ದೊಡ್ಡ ರೈಡರ್‌ಗೆ ಆ ಕೊನೆ ಬೇಕಿರಲಿಲ್ಲ, ಅದರಲ್ಲಿ ಬುಲ್ಸ್‌ನ ಪಾಲೂ ಉಂಟು. ಬುಲ್ಸ್ ಮಾತ್ರ ಕನ್ನಡಿಗ ಬಿ.ಸಿ. ರಮೇಶ್‌ರನ್ನು ಕೋಚ್ ಆಗಿ ತಂದು, ಕೋಟಿ ದಾಟಿದ ಹಣವನ್ನು ಕ್ಯಾಚರ್ ಯೋಗೇಶ್ ದಹಿಯಾಗೆ ಕೊಟ್ಟು, ಅದೇ ವರ್ಷ ಪ್ಲೇಆಫ್ ತಲುಪಿತು.