ವೇಗ ಕೂಡಿತು, ನಡೆ ಕೂಡಲಿಲ್ಲ

ಈಚೆಗೆ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳು ಒಂದು ಗೀತಮಾಲಿಕೆಗೆ ಕುಣಿದರು. ಮೊದಲು ಒಂದು ಭಾವಗೀತೆ, ಅದರ ಬೆನ್ನಿಗೇ ಒಂದು ಕೋಲಾಟದ ಪದ. ನಡುವೆ ಬಿಡುವೇ ಇಲ್ಲ. ಎರಡನ್ನೂ ಹಾಡಿ ಧ್ವನಿಮುದ್ರಿಸಿಕೊಟ್ಟವರು ನಮ್ಮ ವಿದ್ಯಾರ್ಥಿನಿಯರೇ. ಅವನ್ನು ಜೋಡಿಸಿದವನು ಗಣಕಯಂತ್ರದಲ್ಲಿ ಪಳಗಿದ ಒಬ್ಬ ಹುಡುಗ. "ಎರಡರ ವೇಗವೂ ಒಂದೇ ಆಗಲಪ್ಪ, ಕುಣಿಯುವವರಿಗೆ ತೊಡಕಾಗಬಾರದು" ಎಂದು ಅವನಿಗೆ ಹೇಳಿದವನು ನಾನು. ಆದುದರಿಂದ ಮುಂದೆ ಎತ್ತಿ ತೋರಿಸುವ ದೋಷಗಳಲ್ಲಿ ನನ್ನ ಪಾಲೂ ಉಂಟು.

ಅವನು ಬಳಸಿದ ತಂತ್ರಾಂಶ ಆಡಾಸಿಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ 2000ದಲ್ಲಿ ಹೊರಬಂದದ್ದು, ಬೆಲೆಯಿಲ್ಲದೆ ದೊರೆಯುತ್ತದೆ. ಹಿಂದೆ ಗ್ರಾಮೊಫೋನ್ ತಟ್ಟೆಯನ್ನು ಬೇಗ ತಿರುಗಿಸಿದರೆ ಹಾಡು ಬೇಗ ಮುಗಿಯುತ್ತಿತ್ತು. ಜೊತೆಗೇ ಶ್ರುತಿಯೂ ಏರಿ ಕಂಠ ಕೀರಲಾಗುತ್ತಿತ್ತು. ಈ ತಂತ್ರಾಂಶದಲ್ಲಿ ಶ್ರುತಿಯನ್ನು ಮುಟ್ಟದೆ ವೇಗವೊಂದನ್ನೇ ಬದಲಿಸಬಹುದು. ಧ್ವನಿಯನ್ನು ಅತಿ ಸಣ್ಣ ತುಣುಕುಗಳಾಗಿ ಕತ್ತರಿಸಿ, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚನ್ನು ಹೊದಿಸಿ ಹೊಲಿಯುವುದು ಅದರ ಉಪಾಯ. ಭಾವಗೀತೆಗೆ ನಿಮಿಷಕ್ಕೆ 84 ತಾಳದ ಪೆಟ್ಟು, ಕೋಲಾಟಕ್ಕೆ 105. ಹುಡುಗ ಭಾವಗೀತೆಯ ವೇಗವನ್ನು ನೂರಕ್ಕೆ 25ರಷ್ಟು ಏರಿಸಿದ. ನಾಲ್ಕು ನಿಮಿಷದ ಹಾಡು 3 ನಿಮಿಷ 12 ಸೆಕೆಂಡಿಗೆ ಇಳಿಯಿತು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಹೊಲಿಗೆಯೂ ಕಾಣಿಸಲಿಲ್ಲ.

ಆದರೂ ಒಂದು ಹಾಡು ಮುಗಿದು ಇನ್ನೊಂದು ಮೊದಲಾದೆಡೆ ಕುಣಿಯುವವರ ಹೆಜ್ಜೆ ತೊಡರಿತು. ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ತರಗತಿಯಲ್ಲಿ ನಾನೇ ಪಾಠ ಹೇಳುವ ಛಂದಸ್ಸಿನಲ್ಲಿ ಅದು ಇದೆ. ಉತ್ಸಾಹ ರಗಳೆ ಮೂರು ಮಾತ್ರೆಯ ಗಣಗಳಲ್ಲಿ ಜಿಗಿಯುತ್ತದೆ. ಮಂದಾನಿಲ ನಾಲ್ಕರಲ್ಲಿ ಸಾಗುತ್ತದೆ. ಲಲಿತ ಐದರಲ್ಲಿ ಬಳುಕುತ್ತದೆ. ಎಷ್ಟೇ ಬೇಗ ಓದಿದರೂ ಮಂದಾನಿಲವು ಉತ್ಸಾಹವಾಗದು. ನಮ್ಮ ಭಾವಗೀತೆಯದು ನಾಲ್ಕರ ನಡೆ, ಕೋಲಾಟದ ಪದದ್ದು ಮೂರರ ನಡೆ. ಪೆಟ್ಟಿಗೆ ಪೆಟ್ಟು ಕೂಡಿತು. ಪೆಟ್ಟುಗಳ ನಡುವಣ ಹೆಜ್ಜೆ ಕೂಡಲಿಲ್ಲ. ನಿಮಿಷಕ್ಕೆ ಎಷ್ಟು ಪೆಟ್ಟು ಎಂಬ ಸಂಖ್ಯೆಯಿಂದ ನಡೆ ತಿಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಾಯಿತು. ಭಾವಗೀತೆಯ ಕೊನೆಯ ಚರಣದಲ್ಲಿ, ಮುಖ್ಯವಾದ ಮಾತಿನ ಮುನ್ನ, ಗಾಯಕಿ ಒಂದು ಉಸಿರಿನಷ್ಟು ಹೊತ್ತು ತಡೆದಿದ್ದಳು. ಪದ್ಯದ ಅರ್ಥವೆಲ್ಲ ಆ ಮೌನಕ್ಕಾಗಿ ಕಾದಿರುವಂತಿತ್ತು. ನಮ್ಮ ಗಾಯಕರೂ ವಿಳಂಬದಿಂದ ದ್ರುತಕ್ಕೆ ಹೋಗುವುದುಂಟು. ಆಗ ಅವರು ಕೆಲವು ಗಮಕಗಳನ್ನು ಸರಳ ಮಾಡುತ್ತಾರೆ, ಅರ್ಥಕ್ಕೆ ಬೇಕಾದ ಅಕ್ಷರವನ್ನು ಮಾತ್ರ ಬಿಡದೆ ಹಿಡಿಯುತ್ತಾರೆ. ತಂತ್ರಾಂಶಕ್ಕೆ ಈ ವಿವೇಚನೆ ಎಲ್ಲಿಂದ ಬರಬೇಕು? ಸ್ವರ, ಗಮಕ, ಮೌನ ಎಲ್ಲದರಿಂದಲೂ ಅದು ಐದರಲ್ಲಿ ಒಂದು ಪಾಲನ್ನು ಸಮನಾಗಿ ಕಳೆಯಿತು. ಸಭೆ ಮುಗಿದ ಮೇಲೆ ಆ ಹುಡುಗಿ ನನ್ನ ಬಳಿಗೆ ಬಂದು, "ಸಾರ್, ದನಿ ನನ್ನದೇ. ಆದರೆ ನಾನು ಹಾಗೆ ಹಾಡಿರಲಿಲ್ಲ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ತಂತ್ರಾಂಶವನ್ನು ದೂರಿ ಫಲವಿಲ್ಲ. ಕಠಿನವಾದ ಸಂಗತಿಯೊಂದನ್ನು ನಿಧಾನಗೊಳಿಸಿ ಕೇಳಿ ಕಲಿಯುವವರಿಗೆ ಅದು ಬೇಸರಿಸದ ಗುರು. ಒಂದೇ ನಡೆಯ ಎರಡು ಹಾಡುಗಳ ನಡುವೆ ನೂರಕ್ಕೆ ಎರಡು ಮೂರರಷ್ಟು ಅಂತರವಿದ್ದರೆ ಅದನ್ನು ಯಾರ ಕಿವಿಗೂ ತಿಳಿಯದಂತೆ ಸರಿಪಡಿಸಿಕೊಡುತ್ತದೆ. ನಡೆ ಬೇರೆಯಾದಲ್ಲಿ ನಡುವೆ ಎರಡು ಆವರ್ತ ಬರಿಯ ತಬಲ ನುಡಿಸಿ ದಾರಿ ಬದಲಿಸಬಹುದು. ಅಂತರ ಹೆಚ್ಚಾದಲ್ಲಿ ಹಾಡಿದವರನ್ನೇ ಕರೆದು ಮತ್ತೊಮ್ಮೆ ಹಾಡಿಸುವುದು ಲೇಸು. ಎಲ್ಲಿ ತಡೆಯಬೇಕೆಂಬುದು ಅವರಿಗೆ ಗೊತ್ತು.

ಮುಂದಿನ ವರ್ಷವೂ ಗೀತಮಾಲಿಕೆ ಇರುತ್ತದೆ. ಆ ಹುಡುಗನೇ ಜೋಡಿಸಲಿ. ಅವನು ಯಂತ್ರವನ್ನು ತೆರೆಯುವ ಮುನ್ನ ನಾವಿಬ್ಬರೂ ಕುಳಿತು, ತೊಡೆಯ ಮೇಲೆ ತಾಳ ಹಾಕಿಕೊಂಡು, ಎರಡು ಹಾಡುಗಳನ್ನೂ ಪೂರ್ತಿ ಕೇಳಬೇಕೆಂದಿದ್ದೇನೆ.